ಹೊಂದಲೊಲ್ಲದ ಬಾನೆಟ್ಟು

ಗುಡ್ಡದ ಬುಡದಲ್ಲಿ ಒಂದು ಮಠ. ಮಠದ ಕೆಳಗೆ ಹೊಳೆ. ಮಠದ ಮುಂದೆ ಬೇವಿನ ಮರ, ಬೇವಿನ ಮರದ ಕೆಳಗೆ ಒಂದು ಹಳೇ ಜೀಪು. ಈ ಕಥೆಗೆ ಇಷ್ಟು ಜಾಗ ಸಾಕು.

ಮಠದ ಗುರುಗಳ ಹೆಸರು ಮೌನಪ್ಪಜ್ಜ. ಹೆಸರಿಟ್ಟವರು ಏನು ಕಂಡು ಇಟ್ಟರೋ ಆ ಶಿವನೇ ಬಲ್ಲ. ಅಜ್ಜ ಮಾತಾಡುತ್ತಿದ್ದರು, ನಗುತ್ತಿದ್ದರು, ಬೈಯುತ್ತಿದ್ದರು. ಕೇಳಿದ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವುದೊಂದನ್ನು ಬಿಟ್ಟು ಬಾಯಿಂದ ಆಗುವ ಎಲ್ಲ ಕೆಲಸವನ್ನೂ ಮಾಡುತ್ತಿದ್ದರು.

ಜೀಪಿನ ಎಂಜಿನ್ನು ಗಟ್ಟಿ ಜೀವ. ಕೀಲಿ ತಿರುವಿದರೆ ಒಂದು ಸಲ ಕೆಮ್ಮಿ ಎದ್ದುಬಿಡುತ್ತಿತ್ತು. ಮೈ ಮಾತ್ರ ತುಕ್ಕು ಹಿಡಿದು ಹಪ್ಪಳವಾಗಿತ್ತು. ತಳದ ತಗಡಿನ ತೂತಿನಿಂದ ದಾರಿ ಕಾಣುತ್ತಿತ್ತು. ಮಡ್‌ಗಾರ್ಡಿಗೆ ಕೈಯಿಟ್ಟರೆ ಕೈಗೆ ಪುಡಿ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ಬಾನೆಟ್ಟಿನ ಮೇಲೆ ಅಡುಗೆಯ ನಿಂಗವ್ವ ಸಂಡಿಗೆ ಒಣಹಾಕುತ್ತಿದ್ದಳು.

ಗುಡ್ಡದ ಮೇಲೆ ಒಂದು ಹಟ್ಟಿ. ಹಟ್ಟಿಯಲ್ಲಿ ಯಾರಿಗಾದರೂ ಬೇನೆ ಬಂದರೆ ಕೆಳಗಿಳಿಸಿ ತರಲು ಈ ಜೀಪೊಂದೇ ಗತಿ. ಉಳಿದ ಗಾಡಿಗಳು ಆ ಕಲ್ಲುದಾರಿ ನೋಡಿ ಕೈಮುಗಿದು ತಿರುಗಿ ಹೋಗುತ್ತಿದ್ದವು. ಮುಂಗಾರು ಬರುವುದರೊಳಗೆ ಜೀಪಿಗೆ ಹೊಸ ಮೈ ಹಾಕಲೇಬೇಕಿತ್ತು.

ಹಾಕಬೇಕಾದವನು ರಾಚಯ್ಯ. ಅಜ್ಜರ ಶಿಷ್ಯ. ಮಠಕ್ಕೆ ಬರುವ ಮೊದಲು ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವನು. ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು. ಹಣೆಯ ವಿಭೂತಿ ಗೆರೆ ಎಳೆದಷ್ಟು ನೆಟ್ಟಗೆ. ಒಂದು ಕೆಲಸ ಪೂರ್ತಿ ಮುಗಿಸದೆ ಇನ್ನೊಂದಕ್ಕೆ ಕೈ ಹಾಕಬಾರದು ಎಂಬುದು ಅವನ ವ್ರತ. ಆ ವ್ರತದ ಮೇಲೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

ಆದರೆ ಆವತ್ತು ಅವನ ತಲೆಯಲ್ಲಿ ಜೀಪು ಇರಲಿಲ್ಲ. ಫಕ್ಕೀರಪ್ಪ ಇದ್ದ.

ಫಕ್ಕೀರಪ್ಪ ನಾಟಕ ಕಂಪನಿಯಲ್ಲಿ ಭೀಮನ ಪಾರ್ಟು ಮಾಡುತ್ತಿದ್ದವನು. ಕಂಪನಿ ಮುಚ್ಚಿತು, ಭೀಮ ಮಾತ್ರ ಮುಚ್ಚಲಿಲ್ಲ. ಶಿವರಾತ್ರಿಗೆ ಮಠಕ್ಕೆ ಬಂದವನು ಇಲ್ಲೇ ಉಳಿದ. ಬಚ್ಚಲಲ್ಲಿ ರಂಗಗೀತೆ ಹಾಡುತ್ತಿದ್ದ. ಬಾಗಿಲು ತೆಗೆದರೆ ಮುಚ್ಚುತ್ತಿರಲಿಲ್ಲ. ಅವನ ಒಂದು ಚಪ್ಪಲಿ ಮೂಡಲಿಗಿದ್ದರೆ ಇನ್ನೊಂದು ಪಡುವಲಿಗೆ. ರಾಚಯ್ಯ ಧ್ಯಾನಕ್ಕೆ ಕೂತರೆ ಪಕ್ಕದ ಕೋಣೆಯಿಂದ ಗೊರಕೆ ಶುರುವಾಗುತ್ತಿತ್ತು.

ರಾಚಯ್ಯ ತಡೆದ, ತಡೆದ. ಕಡೆಗೊಂದು ದಿನ ಅಜ್ಜರ ಮುಂದೆ ಹೋಗಿ ನಿಂತ.

"ಅಜ್ಜಾರ, ಈ ಮಠದಾಗ ಅಂವ ಇರಬೇಕು, ಇಲ್ಲಾ ನಾ ಇರಬೇಕು."

"ಜೀಪು ಕೆಟ್ಟೈತೆಲ್ಲೋ," ಅಂದರು ಅಜ್ಜ. "ಯಾರರೆ ಹೋಗ್ಬೇಕಂದ್ರೂ ಹ್ಯಾಂಗ ಹೋಗೂದು?"

"ಚ್ಯಾಷ್ಟಿ ಮಾಡಬ್ಯಾಡ್ರಿ."

"ಚ್ಯಾಷ್ಟಿ ಅಲ್ಲೋ ಮಾರಾಯ. ಮೊದಲ ಜೀಪಿಗೆ ಮೈ ಹಾಕು. ಹಾಕಿ ಮುಗಿದ ಮರುದಿನ ಫಕ್ಕೀರಪ್ಪನ್ನ ಕೂಡಿಸ್ಕೊಂಡು ಹೋಗಿ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಾ. ನಾ ಬ್ಯಾಡನ್ನೂದಿಲ್ಲ."

"ಮಾತು ಕೊಟ್ರಿ?"

"ಕೊಟ್ಟೆ."

ಬಚ್ಚಲಲ್ಲಿ ಹಾಡು ನಿಂತಿತ್ತು. ರಾಚಯ್ಯನಿಗೆ ಅದರ ಕಡೆ ಲಕ್ಷ್ಯವೇ ಇರಲಿಲ್ಲ. ಅವನ ಕಾಲು ನೆಲದ ಮೇಲಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಗುಜರಿಗೆ ಹೊರಟ. ಹೊರಡುವ ಮೊದಲು ಅಜ್ಜರ ಕಾಲಿಗೆ ಬಿದ್ದು ಕೇಳಿದ: "ಯಾವ ಸಾಮಾನು ತರಲ್ರಿ ಅಜ್ಜಾರ? ಹ್ಯಾಂಗ ಆರಸಬೇಕು?"

"ಚೊಲೋದನ್ನ ಆರಸಬ್ಯಾಡ. ಹೊಂದೂದನ್ನ ಆರಸು."

"ಚೊಲೋ ಇದ್ದದ್ದು ಹೊಂದದ ಇರ್ತೈತೇನ್ರಿ?"

"ನೀನೂ ಚೊಲೋ ಅದಿ. ಫಕ್ಕೀರಪ್ಪನೂ ಚೊಲೋ ಅದಾನ."

ರಾಚಯ್ಯನಿಗೆ ಅರ್ಥವಾಗಲಿಲ್ಲ. ಆಗದಿದ್ದರೂ ತಲೆಯಾಡಿಸಿದ. ಶಿಷ್ಯರ ಹಳೇ ಚಾಳಿ ಅದು.

"ಇನ್ನೊಂದು ಕೇಳಲ್ರಿ? ಮೈಯೆಲ್ಲಾ ಹೊಸದು ಹಾಕಿದ ಮ್ಯಾಲ ಇದು ಅದ ಜೀಪಾಗಿ ಉಳೀತೈತೋ, ಇಲ್ಲಾ ಬ್ಯಾರೇದು ಆಗತೈತೋ?"

"ಗುಡ್ಡ ಹತ್ತುವಾಗ ಜೀಪನ್ನ ಕೇಳು. ಪುರಸೊತ್ತಿದ್ರ ಹೇಳೀತು. ಮತ್ತ, ಫಕ್ಕೀರಪ್ಪನ್ನ ಕರ್ಕೊಂಡು ಹೋಗು. ತಗಡು ಹೊರಾಕ ಆಳು ಬೇಕಲ್ಲ."

ರಾಚಯ್ಯನ ಮುಖ ಹರಳೆಣ್ಣೆ ಕುಡಿದಂತಾಯಿತು. ಆದರೂ ಕರೆದುಕೊಂಡು ಹೋದ. ಇನ್ನೆಷ್ಟು ದಿನ, ತಡೆದರಾಯಿತು ಅಂದುಕೊಂಡ.

ಗುಜರಿಯ ಬುಡ್ಡೇಸಾಬ ಸತ್ತ ಜೀಪುಗಳ ನಡುವೆ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ.

"ಬರ್ರಿ ಅಯ್ಯಾರ. ಎಲ್ಲಾ ಅಸಲಿ ಮಾಲು. ಕಣ್ಣು ಮುಚ್ಚಿ ಆರಸ್ರಿ."

ರಾಚಯ್ಯ ಕಣ್ಣು ಮುಚ್ಚುವವನಲ್ಲ. ಚೀಲದಿಂದ ಒಂದು ಆಯಸ್ಕಾಂತ ತೆಗೆದ. ತಗ್ಗು ಬಿದ್ದ ತಗಡಿಗೆ ಪುಟ್ಟಿ ತುಂಬಿ, ಮೇಲೆ ಬಣ್ಣ ಬಳಿದು, ಹೊಸದರಂತೆ ಮಾಡಿ ಮಾರುವುದುಂಟು. ಆಯಸ್ಕಾಂತ ಹಿಡಿದುಕೊಂಡರೆ ತಗಡು, ಜಾರಿದರೆ ಪುಟ್ಟಿ.

"ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ ಅಯ್ಯಾರ?"

"ನಿನ್ನ ಮ್ಯಾಲ ಐತಿ. ಪುಟ್ಟಿ ಮ್ಯಾಲ ಇಲ್ಲ."

ಬಿಸಿಲು ನೆತ್ತಿಗೆ ಬರುವವರೆಗೆ ರಾಚಯ್ಯ ತಗಡು ತಗಡಿಗೂ ಆಯಸ್ಕಾಂತ ಹಚ್ಚಿದ. ದಾರ ಹಿಡಿದು ಅಂಚು ನೋಡಿದ. ಸ್ವಲ್ಪ ಸೊಟ್ಟ ಕಂಡರೂ ಬದಿಗಿಟ್ಟ. ಎಡಗಡೆ ಮಡ್‌ಗಾರ್ಡು ಒಂದು ಜೀಪಿನದು, ಬಲಗಡೆಯದು ಇನ್ನೊಂದರದು, ಮುಂದಿನ ಜಾಳಿಗೆ ಮತ್ತೊಂದರದು. ಬಾನೆಟ್ಟು ಎಲ್ಲದರ ಹಿಂದೆ ಗೋಡೆಗೆ ಒರಗಿ ನಿಂತಿತ್ತು. ಒಂದು ಗೀರೂ ಇಲ್ಲ, ಒಂದು ತಗ್ಗೂ ಇಲ್ಲ.

ಅಷ್ಟರಲ್ಲಿ ಫಕ್ಕೀರಪ್ಪ ಆಯಸ್ಕಾಂತ ತೆಗೆದುಕೊಂಡು ತನ್ನ ಎದೆಗೆ ಹಚ್ಚಿಕೊಂಡ, ಹೊಟ್ಟೆಗೆ ಹಚ್ಚಿಕೊಂಡ.

"ನೋಡ್ರಿ ಅಯ್ಯಾರ, ಎಲ್ಲೂ ಹಿಡಿಯವಲ್ದು! ಮೈ ತುಂಬಾ ಪುಟ್ಟಿನ ಅನ್ನಸ್ತೈತಿ. ಕಂಪನಿಯವ್ರು ತುಂಬಿ, ಬಣ್ಣ ಹಚ್ಚಿ ಬಿಟ್ಟಾರ!"

ಬುಡ್ಡೇಸಾಬ ಬಾಯಲ್ಲಿದ್ದ ಚಹಾ ಉಗುಳಿ ನಕ್ಕ. ರಾಚಯ್ಯನಿಗೂ ನಗು ಬಂತು. ಬಂದದ್ದನ್ನು ನುಂಗಿಕೊಂಡು ಆಯಸ್ಕಾಂತ ಕಸಿದುಕೊಂಡ.

ಬರುವಾಗ ಒಂದು ಟ್ರ್ಯಾಕ್ಟರಿನ ಟ್ರೇಲರು ಸಿಕ್ಕಿತು. ಫಕ್ಕೀರಪ್ಪ ಬಾನೆಟ್ಟನ್ನು ತಲೆಯ ಮೇಲೆ ಛತ್ರಿಯ ಹಾಗೆ ಹಿಡಿದು ಕೂತ. ನೆರಳು ರಾಚಯ್ಯನ ಮೇಲೆ ಬೀಳುವ ಹಾಗೆ ಹಿಡಿದಿದ್ದ. ತನ್ನ ಮುಖಕ್ಕೆ ಬಿಸಿಲು.

"ಅಯ್ಯಾರ, ಒಂದು ಮಾತು ಹೇಳ್ಲ್ಯಾ?"

"ಹೂಂ."

"ಕಂಪನಿ ಮುಚ್ಚಿದ ಮ್ಯಾಲ ಎಲ್ಲೆಲ್ಲೋ ಇದ್ದೆ. ಎಲ್ಲಾ ಕಡೆ ಒಂದ ಮಾತು: ನಿನ್ನ ಧ್ವನಿ ಬಾಳ ದೊಡ್ಡದು, ಹೊರಡು. ಈ ಮಠ ಒಂದ ನನ್ನ ಹೊರಡು ಅನ್ನಲಿಲ್ಲ ನೋಡ್ರಿ. ಇದೂ ಹೋದ್ರ ನನಗ ಇನ್ನೊಂದು ಊರು ಗೊತ್ತಿಲ್ಲ."

ರಾಚಯ್ಯ ಹೊಳೆಯ ಕಡೆ ಮುಖ ತಿರುವಿದ. ಆದರೂ ಅಜ್ಜ ಕೊಟ್ಟ ಮಾತು ಮಾತೇ ಅಂದುಕೊಂಡ.

ಮೈ ಹಾಕುವ ಕೆಲಸ ಶುರುವಾಯಿತು. ಹಳೇ ಬಾನೆಟ್ಟು ಬಿಚ್ಚಿದ ಕೂಡಲೆ ನಿಂಗವ್ವ ಅದನ್ನು ಎಳೆದುಕೊಂಡು ಹೋಗಿ ಅಂಗಳದಲ್ಲಿ ಹಾಸಿದಳು. ಸಂಡಿಗೆಗೆ ಕಾಯಂ ಜಾಗವಾಯಿತು. ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಉಗ್ರಾಣಕ್ಕೆ ಹೋಯಿತು.

ರಾಚಯ್ಯ ತನ್ನ ವ್ರತದಂತೆ ನಡೆದ. ಮೊದಲು ತಳದ ತಗಡು. ಹಾಕಿದ, ಬಿಗಿದ. ಎಡಗಡೆ ಮಡ್‌ಗಾರ್ಡು. ಹಾಕಿದ, ಬೋಲ್ಟು ತಿರುವುವ ಪಾನಾಕ್ಕೆ ಮೈಭಾರ ಬಿಟ್ಟು ಬಿಗಿದ. ಬಲಗಡೆಯದು, ಬಿಗಿದ. ಮುಂದಿನ ಜಾಳಿಗೆ, ಬಿಗಿದ. ಆನೆ ಬಂದು ಎಳೆದರೂ ಅಲುಗುವಂತಿರಲಿಲ್ಲ.

ಕಡೆಗೆ ಬಾನೆಟ್ಟು.

ಬಾನೆಟ್ಟು ಹೊಂದಲಿಲ್ಲ. ಎಡಗಡೆ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತಿತು. ಬಲಗಡೆ ಕೈ ತೂರುವಷ್ಟು ಬಾಯಿ ಬಿಟ್ಟಿತು. ಒತ್ತಿದರೆ ಆ ಕಡೆ ಎದ್ದಿತು, ಆ ಕಡೆ ಒತ್ತಿದರೆ ಈ ಕಡೆ.

ಅಜ್ಜ ಬಂದರು. ಸುತ್ತ ಒಂದು ಸಲ ಬಂದು, ಆ ಸಂದಿಯೊಳಗೆ ಕೈ ತೂರಿಸಿ, ಬೆರಳು ಆಡಿಸಿದರು.

"ಯಾವುದು ಸೊಟ್ಟ ಐತೋ?"

"ಬಾನೆಟ್ಟ್ರಿ. ಬ್ಯಾರೇದು ತರ್ತೀನಿ."

ಬೇರೆಯದು ತಂದ. ಅದೂ ಹೊಂದಲಿಲ್ಲ. ಅದನ್ನು ತಿರುಗಿ ಕೊಟ್ಟು ಇನ್ನೊಂದು ತಂದ.

"ಏನ್ರಿ ಅಯ್ಯಾರ," ಅಂದ ಬುಡ್ಡೇಸಾಬ, "ಕನ್ಯಾ ನೋಡಾಕ ಬಂದವ್ರಂಗ ಬರ್ತೀರಿ, ಹೋಗ್ತೀರಿ. ತಪ್ಪು ಕನ್ಯಾದಾಗೋ, ಮನ್ಯಾಗೋ?"

ಆ ಮಾತಿಗೆ ರಾಚಯ್ಯನ ಮೈ ಉರಿಯಿತು. ಉರಿದದ್ದನ್ನು ಮಠಕ್ಕೆ ಬಂದು ಫಕ್ಕೀರಪ್ಪನ ಮೇಲೆ ಕಾರಿದ.

"ಟ್ರೇಲರಿನಾಗ ಮಡ್‌ಗಾರ್ಡಿನ ಮ್ಯಾಲ ಕುಂತಿದ್ದೆಲ್ಲ, ಅದಕ್ಕ ಡೊಂಕಾಗೈತಿ!"

ಫಕ್ಕೀರಪ್ಪ ಕೂತಿರಲೇ ಇಲ್ಲ. ಆದರೂ ಅಂದ: "ತಪ್ಪಾತ್ರಿ ಅಯ್ಯಾರ. ನನ್ನ ಭಾರಕ್ಕ ಏನೂ ಆಗಬಹುದು."

ರಾಚಯ್ಯ ದಾರ ಹಿಡಿದು ನೋಡಿದ. ಮಡ್‌ಗಾರ್ಡು ನೆಟ್ಟಗಿತ್ತು. ಜಾಳಿಗೆ ನೆಟ್ಟಗಿತ್ತು. ಬಾನೆಟ್ಟೂ ನೆಟ್ಟಗಿತ್ತು. ಅವನಿಗೆ ಅಳು ಬರುವುದೊಂದು ಬಾಕಿ.

ಅಜ್ಜ ಮತ್ತೆ ಬಂದರು, ಮತ್ತೆ ಸಂದಿಯೊಳಗೆ ಕೈ ತೂರಿಸಿದರು. ಅವರಿಗೆ ಅದೊಂದು ಆಟವಾಗಿತ್ತು.

"ಯಾವುದು ಸೊಟ್ಟ?"

"ಯಾವುದೂ ಇಲ್ರಿ ಅಜ್ಜಾರ. ಎಲ್ಲಾ ನೆಟ್ಟಗ ಅದಾವ. ಆದ್ರ ಒಂದಕ್ಕೊಂದು ಹೊಂದವಲ್ವು."

"ಅಯ್ಯ, ನಮ್ಮ ಮಠದಂಗ!" ಅಂದರು ಅಜ್ಜ, ಕೈ ಒರೆಸಿಕೊಂಡು ಹೋದರು.

ಮಾರನೇ ದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಮಠದಲ್ಲಿ ಪ್ರಸಾದ. ಸುತ್ತಲ ಊರಿನವರು ಬರುತ್ತಾರೆ, ಹಟ್ಟಿಯವರು ಇಳಿದು ಬರುತ್ತಾರೆ. ಈ ಮಠದ ರಿವಾಜು ಏನೆಂದರೆ, ಇಲ್ಲಿ ಎರಡನೇ ಪಂಕ್ತಿ ಇಲ್ಲ. ಬಂದವರೆಲ್ಲ ಒಂದೇ ಪಂಕ್ತಿ, ಒಂದೇ ಪಡಸಾಲೆ. ಎಲ್ಲರೂ ಕೂತ ಮೇಲೆ ಕಡೆಗೆ ಅಜ್ಜ ಕೂಡುತ್ತಾರೆ.

ಇನ್ನೊಂದು ರಿವಾಜು ಎಲ್ಲ ಕಡೆಯೂ ಇದ್ದದ್ದೇ. ಬಡಿಸಿದ ಎಲೆ ಎತ್ತಬಾರದು, ಉಣ್ಣಲು ಕೂತವನನ್ನು ಎಬ್ಬಿಸಬಾರದು.

ಪಂಕ್ತಿ ಕೂಡಿಸುವ ಕೆಲಸ ರಾಚಯ್ಯನದು. ಅವನ ಮನಸ್ಸು ಬೇವಿನ ಮರದ ಕೆಳಗಿತ್ತು. ಬೇಗ ಮುಗಿದರೆ ಬೇಗ ಪಾನಾ ಹಿಡಿಯಬಹುದು. ಬಂದವರನ್ನು ಬಂದ ಹಾಗೆ ಕೂಡಿಸಿದ. ಕೂತವರ ಮುಂದೆ ಮುತ್ತುಗದ ಎಲೆ ಹಾಕಿದ, ನೆಟ್ಟಗೆ, ಒಂದರಿಂದೊಂದು ಸಮ ದೂರದಲ್ಲಿ. ಹಾಕಿದ ಎಲೆಗೆ ಆಗಲೇ ಬಡಿಸಿದ. ಒಂದು ಎಲೆ ಪೂರ್ತಿ ಮುಗಿಸಿ ಇನ್ನೊಂದು ಎಲೆ. ನೋಡಲು ಎರಡು ಕಣ್ಣು ಸಾಲದು.

"ತಡಿಯೋ ರಾಚಯ್ಯಪ್ಪ," ಅಂದಳು ನಿಂಗವ್ವ. "ಹಟ್ಟಿಯವ್ರು ಇನ್ನೂ ಬಂದಿಲ್ಲ."

"ಬರ್ತಾರ ಬಿಡಬೇ, ಜಾಗ ಐತಿ."

ಪಡಸಾಲೆ ತುಂಬಿತು. ಆಗ ಹಟ್ಟಿಯವರು ಬಂದರು.

ಹೆಣ್ಣು ಗಂಡು ಮಕ್ಕಳು ಎಲ್ಲ ಬಂದಿದ್ದರು. ಎಲ್ಲರ ಮುಂದೆ ಇಬ್ಬರು ಗಂಡಸರು ಬಿದಿರಿಗೆ ಕಂಬಳಿ ಕಟ್ಟಿ ಜೋಲಿ ಮಾಡಿ ಹೊತ್ತು ತಂದಿದ್ದರು. ಜೋಲಿಯೊಳಗೆ ಸಾಂತವ್ವ. ಹಟ್ಟಿಗೆಲ್ಲ ಹಿರಿಯ ಮುದುಕಿ, ನಡೆಯಲಾರಳು.

"ಜೀಪಿಲ್ಲಲ್ರಿ ಅಯ್ಯಾರ, ಅದಕ್ಕ ತಡ ಆತು," ಅಂದ ಜೋಲಿ ಹೊತ್ತವನು. ಹೆಗಲು ಕೆಂಪಾಗಿ ಸುಲಿದಿತ್ತು.

ರಾಚಯ್ಯ ಸಾಲು ನೋಡಿದ. ಒಬ್ಬೊಬ್ಬರ ನಡುವೆ ಒಂದೊಂದು ಮೊಳ ಜಾಗ ಬಿದ್ದಿತ್ತು. ಅದನ್ನೆಲ್ಲ ಸೇರಿಸಿದರೆ ಇಡೀ ಹಟ್ಟಿ ಹಿಡಿಸುತ್ತಿತ್ತು. ಆದರೆ ಎಲೆಯ ಮೇಲೆ ಅನ್ನ ಬಿದ್ದಿತ್ತು, ಅನ್ನದ ಮೇಲೆ ಸಾರು ಬಿದ್ದಿತ್ತು. ಯಾರನ್ನು ಏಳು ಅನ್ನುವುದು?

ಅಜ್ಜ ಬಾಗಿಲಲ್ಲಿ ಬಿಸಿಲಿಗೆ ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ಅವರು ಹೆಸರಿಗೆ ತಕ್ಕಂತೆ ಇದ್ದದ್ದು ಆವತ್ತೊಂದೇ ದಿನ.

ಸಾಂತವ್ವ ಕಂಬದ ಬುಡದಲ್ಲಿ ಕೂತು, "ಇರ್ಲಿ ಬಿಡಪಾ, ನಮಗ ಆಮ್ಯಾಲ ಹಾಕು," ಅಂದಳು. ಭೂಮಿ ಬಾಯಿ ಬಿಟ್ಟರೆ ರಾಚಯ್ಯ ಇಳಿದುಬಿಡುತ್ತಿದ್ದ.

ಆಗ ಸಾಲಿನ ನಡುವೆ ಕೂತಿದ್ದ ಫಕ್ಕೀರಪ್ಪ ತನ್ನ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿದ. ಅನ್ನ, ಸಾರು, ಹೋಳಿಗೆ ಎಲ್ಲ ಸಮೇತ.

"ಏ ಫಕ್ಕೀರಪ್ಪಾ! ಬಡಿಸಿದ ಎಲಿ ಎತ್ತಬಾರ್ದು!" ರಾಚಯ್ಯ ಕೂಗಿದ.

"ಹೌದ್ರಿ ಅಯ್ಯಾರ, ಎತ್ತಬಾರ್ದು," ಅಂದ ಫಕ್ಕೀರಪ್ಪ. "ಮುದುಕಿನ್ನ ಕಾಯಸೂದಂತೂ ಮೊದಲ ಬ್ಯಾಡ್ರಿ."

ಕೂತಲ್ಲೇ ತೆವಳಿ ಸರಿದ. ಸಾರು ಧೋತರದ ಮೇಲೆಲ್ಲ ಚೆಲ್ಲಿತು. ಆಮೇಲೆ ಅವನ ಆ ದೊಡ್ಡ ಧ್ವನಿ ಎದ್ದಿತು, ಮೂಲೆಯ ಪಾರಿವಾಳಗಳು ಹಾರಿಹೋಗುವ ಹಾಗೆ:

"ಸರೀರೆಪ್ಪೋ ಸರೀರಿ! ಒಂದೊಂದು ತೊಡಿ ಸರೀರಿ! ಇಂಥಾ ಭೀಮನ ಸರದಾನಂದ್ರ ನಿಮಗೇನು ಧಾಡಿ!"

ಪಡಸಾಲೆಯೆಲ್ಲ ನಕ್ಕಿತು. ನಗುತ್ತಲೇ ಒಬ್ಬೊಬ್ಬರು ಎಲೆ ಎತ್ತಿದರು, ಸರಿದರು. ಸಾರು ಹರಿಯಿತು, ಹೋಳಿಗೆ ಜಾರಿತು, ಮಕ್ಕಳು ಕೇಕೆ ಹಾಕಿದವು. ರಾಚಯ್ಯನ ನೆಟ್ಟನೆಯ ಸಾಲು ಹಾವಿನ ಹಾಗೆ ಡೊಂಕಾಯಿತು. ಹಟ್ಟಿಯವರೆಲ್ಲ ಹಿಡಿಸಿದರು. ಸಾಂತವ್ವ ಫಕ್ಕೀರಪ್ಪನ ಪಕ್ಕ ಕೂತಳು. ಕಡೆಗೆ ಅಜ್ಜ ಹೊಸ್ತಿಲ ಹತ್ತಿರ, ಅರ್ಧ ಒಳಗೆ ಅರ್ಧ ಹೊರಗೆ ಕೂತು ಉಂಡರು.

ಎಲ್ಲರೂ ಎದ್ದ ಮೇಲೆ ರಾಚಯ್ಯ ಅರಿವೆ ಹಿಡಿದು ನೆಲ ಒರೆಸುತ್ತಿದ್ದ. ತಲೆ ಎತ್ತಲಿಲ್ಲ. ಅಜ್ಜ ಬಂದು ಪಕ್ಕದಲ್ಲಿ ನಿಂತರು.

"ಎಲಿ ಬಾಳ ನೆಟ್ಟಗ ಹಾಕಿದ್ದೆಪಾ ರಾಚಯ್ಯಾ."

"ಬೈರಿ ಅಜ್ಜಾರ."

"ಬೈಯಾಕ ಏನೈತಿ? ಎಲ್ಲಾರೂ ಬರೂದ್ರೊಳಗ ಹಾಕಿದಿ, ಅಷ್ಟ."

ರಾಚಯ್ಯನ ಕೈಯಲ್ಲಿದ್ದ ಅರಿವೆ ನಿಂತಿತು. ಬಾಗಿಲಿಂದ ಬೇವಿನ ಮರ ಕಾಣುತ್ತಿತ್ತು. ಮರದ ಕೆಳಗೆ ಜೀಪು, ಜೀಪಿನ ಮೇಲೆ ಬಾಯಿ ಬಿಟ್ಟ ಬಾನೆಟ್ಟು.

"ಅಯ್ಯ ಶಿವನ!" ಅಂದ. ಅರಿವೆ ಬಿಸಾಡಿ ಓಡಿದ. "ಫಕ್ಕೀರಪ್ಪಾ! ಪಾನಾ ತಗೊಂಡು ಬಾ!"

ಫಕ್ಕೀರಪ್ಪ ಒದ್ದೆ ಧೋತರದಲ್ಲೇ ಓಡಿ ಬಂದ. "ಎಲ್ಲಾ ಬಿಚ್ಚೂದೇನ್ರಿ?"

"ಬಿಚ್ಚಬ್ಯಾಡ. ಸಡಲ ಮಾಡು. ಮಡ್‌ಗಾರ್ಡು, ಜಾಳಗಿ, ಎಲ್ಲಾ. ಬೀಳಬಾರ್ದು, ಆದ್ರ ಅಲುಗಬೇಕು."

ಬಿಗಿದದ್ದನ್ನೆಲ್ಲ ಸಡಿಲು ಬಿಟ್ಟರು. ಜೀಪು ಮುಟ್ಟಿದಲ್ಲೆಲ್ಲ ಗಡಗಡ ಅಂದಿತು. ಅದರ ಮೇಲೆ ಬಾನೆಟ್ಟು ಇಟ್ಟರು, ಹಿಂದಿನ ದಿನ ಹೊಂದಲೊಲ್ಲೆ ಅಂದಿದ್ದ ಅದೇ ಬಾನೆಟ್ಟು. ಅದರ ಬೋಲ್ಟುಗಳನ್ನೂ ಬೆರಳಲ್ಲಿ ಮಾತ್ರ ತಿರುವಿದರು.

"ಈಗ ಹೆಗಲು ಕೊಡು. ಮೆಲ್ಲಕ."

ಫಕ್ಕೀರಪ್ಪ ಹೆಗಲು ಕೊಟ್ಟ. ಎಡಗಡೆ ಮಡ್‌ಗಾರ್ಡು ಒಂದು ಕೂದಲೆಳೆ ಒಳಗೆ ಸರಿಯಿತು. ಬಲಗಡೆಯದು ಒಂದಿಷ್ಟು ಮೇಲೆದ್ದಿತು. ಜಾಳಿಗೆ ಬಗ್ಗಿ ದಾರಿ ಬಿಟ್ಟಿತು. ಬಾನೆಟ್ಟು ಟಪ್ ಅಂತ ಕೂತಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಆಮೇಲೆ ಬಿಗಿಯತೊಡಗಿದರು. ಇಲ್ಲಿ ಇಷ್ಟು, ಅಲ್ಲಿ ಇಷ್ಟು, ಮತ್ತೆ ಇಲ್ಲಿ. ಯಾವ ಬೋಲ್ಟನ್ನೂ ಒಂದೇ ಸಲಕ್ಕೆ ಮುಗಿಸಲಿಲ್ಲ. ಫಕ್ಕೀರಪ್ಪ ಹಾಡು ಎತ್ತಿದ. ಸ್ವಲ್ಪ ಹೊತ್ತಿನ ಮೇಲೆ ರಾಚಯ್ಯ ನೋಡಿಕೊಂಡರೆ ತನ್ನ ಪಾನಾ ಆ ಹಾಡಿನ ತಾಳಕ್ಕೆ ತಿರುಗುತ್ತಿತ್ತು. ಅವನಿಗೇ ನಗು ಬಂತು. ಈ ಸಲ ನುಂಗಲಿಲ್ಲ.

ಹೊತ್ತು ಇಳಿಯುವಾಗ ಅಜ್ಜ ಬಂದರು. ಸಂದಿ ಹುಡುಕಿದರು. ಕೈ ಹೋಗಲಿಲ್ಲ, ಬೆರಳೂ ಹೋಗಲಿಲ್ಲ.

"ನನ್ನ ಆಟ ಕೆಡಿಸಿದ್ರೆಲ್ಲೋ," ಅಂದರು. ಆಮೇಲೆ ರಾಚಯ್ಯನ ಕಡೆ ತಿರುಗಿದರು. "ಮೈ ಹಾಕಿ ಮುಗೀತು ಹಂಗಾರ?"

"ಮುಗೀತ್ರಿ!"

"ಚೊಲೋ ಆತು. ಸಾಂತವ್ವ ಇವತ್ತ ಇಲ್ಲೇ ಇರ್ಲಿ, ನಾಳೆ ಹಟ್ಟಿಗೆ ಮುಟ್ಟಿಸು. ಅಲ್ಲಿಂದ ಇಳಿದು ಬಂದು ಫಕ್ಕೀರಪ್ಪನ್ನ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಾ. ಮಾತು ಕೊಟ್ಟೀನಿ."

ರಾಚಯ್ಯ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ಆ ಮಾತು ಅವನಿಗೆ ಮರೆತೇ ಹೋಗಿತ್ತು. ಗುರುವಿನ ಬಾಯಿಂದ ಅದನ್ನು ಕೇಳಿ ಪಡೆದವನು ತಾನೇ. ಈಗ ಬೇಡ ಅನ್ನಲು ಯಾವ ಬಾಯಿ?

ಫಕ್ಕೀರಪ್ಪ ಏನೂ ಕೇಳಲಿಲ್ಲ. ಒಳಗೆ ಹೋಗಿ ಗಂಟು ಕಟ್ಟಿದ. ಆವತ್ತು ಅವನು ಬಾಗಿಲು ಮುಚ್ಚಿ ಮಲಗಿದ. ಗೊರಕೆ ಕೇಳಲಿಲ್ಲ. ಗೊರಕೆಯಿಲ್ಲದೆ ರಾಚಯ್ಯನಿಗೆ ನಿದ್ದೆ ಹತ್ತಲಿಲ್ಲ.

ಮರುದಿನ, ಬೇಸಿಗೆಯ ಕಡೇ ಬಿಸಿಲು. ಸಾಂತವ್ವ, ಗಂಟು ಹಿಡಿದ ಫಕ್ಕೀರಪ್ಪ ಇಬ್ಬರನ್ನೂ ಕೂಡಿಸಿಕೊಂಡು ಜೀಪು ಗುಡ್ಡ ಹತ್ತಿತು. ಕಲ್ಲು ಬಂದರೂ, ಕೊರಕಲು ಬಂದರೂ ಬಾನೆಟ್ಟು ಚೀರಲಿಲ್ಲ. ಸಾಂತವ್ವ ಹಟ್ಟಿಯ ಬಾಗಿಲಲ್ಲಿ ಇಳಿದು, ಜೀಪಿನ ಮಡ್‌ಗಾರ್ಡು ನೇವರಿಸಿ, ಬೆರಳು ನೆಟಿಗೆ ಮುರಿದು ದೃಷ್ಟಿ ತೆಗೆದಳು. ಆಮೇಲೆ ಫಕ್ಕೀರಪ್ಪನಿಗೂ ತೆಗೆದಳು.

"ಮುಂದಿನ ಅಮಾಸಿಗೆ ನಿನ್ನ ಬಾಜೂಕ ಕುಂದರ್ತೀನಿ ತಮ್ಮಾ," ಅಂದಳು.

"ಹೂಂಬೇ," ಅಂದ ಫಕ್ಕೀರಪ್ಪ. ಭೀಮನ ಧ್ವನಿ ಅಷ್ಟು ಸಣ್ಣದಾಗಿದ್ದನ್ನು ರಾಚಯ್ಯ ಹಿಂದೆಂದೂ ಕೇಳಿರಲಿಲ್ಲ.

ಜೀಪು ಗುಡ್ಡ ಇಳಿಯಿತು. ಬಸ್‌ಸ್ಟ್ಯಾಂಡು ಬಂತು. ಫಕ್ಕೀರಪ್ಪ ಗಂಟು ತೊಡೆಯ ಮೇಲಿಟ್ಟುಕೊಂಡು ಹೇಳಿದ:

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಯ್ಯಾರ. ನನಗ ಮೊದಲ ಗೊತ್ತಿತ್ತು. ಆವತ್ತು ನೀವು ಅಜ್ಜಾರಿಗೆ ಹೇಳಿದ್ದು ಬಚ್ಚಲದಾಗ ಕೇಳಿಸಿತ್ತು."

ರಾಚಯ್ಯ ಸ್ಟೇರಿಂಗು ಬಿಟ್ಟು ಅವನ ಕಡೆ ತಿರುಗಿದ. ಹಾಡು ನಿಂತದ್ದು ಈಗ ನೆನಪಾಯಿತು.

"ಗೊತ್ತಿದ್ದೂ ತಗಡು ಹೊತ್ತಿ? ಗೊತ್ತಿದ್ದೂ ಹೆಗಲು ಕೊಟ್ಟಿ? ಜೀಪು ಆದ್ರ ನೀನ ಹೋಗಬೇಕಾಗಿತ್ತಲ್ಲೋ ಮಾರಾಯ!"

"ಹಟ್ಟಿಯವ್ರಿಗೆ ಜೀಪು ಬೇಕಲ್ರಿ," ಅಂದ ಫಕ್ಕೀರಪ್ಪ.

ಬಸ್ಸು ಬಂತು. ಧೂಳು ಎದ್ದಿತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, "ಹತ್ರಿ, ಹತ್ರಿ," ಅಂದ. ಫಕ್ಕೀರಪ್ಪ ಇಳಿಯಲು ಒಂದು ಕಾಲು ಕೆಳಗಿಟ್ಟ.

ರಾಚಯ್ಯ ಅವನ ಗಂಟು ಹಿಡಿದುಕೊಂಡ.

"ಫಕ್ಕೀರಣ್ಣಾ."

ಫಕ್ಕೀರಪ್ಪ ತಿರುಗಿ ನೋಡಿದ. ರಾಚಯ್ಯ ಅವನನ್ನು ಅಣ್ಣ ಅಂದದ್ದು ಅದೇ ಮೊದಲು.

"ಗುಡ್ಡ ಹತ್ತಿ ಇಳಿದ ಮ್ಯಾಲ ಬೋಲ್ಟು ಮತ್ತೊಮ್ಮೆ ನೋಡಬೇಕಾಗತೈತಿ. ಒಬ್ಬನ ಕೈಲೆ ಆಗೂದಿಲ್ಲ. ಹೆಗಲು ಕೊಡಾಕ ಒಬ್ರು ಬೇಕು."

"ಅಜ್ಜಾರ ಮಾತು..."

"ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಾ ಅಂದ್ರು. ಬಿಟ್ಟೆ. ಕಾಲು ಇಟ್ಟೀಯಲ್ಲ ನೆಲಕ್ಕ, ಮುಗೀತು. ಈಗ ಹತ್ತು. ತಪ್ಪಾಗೈತಿ ನಂದು, ಹತ್ತೋ ಅಣ್ಣಾ."

ಕಂಡಕ್ಟರು, "ಏನ್ರಿ, ಬರ್ತೀರೋ ಇಲ್ಲೋ?" ಅಂದ.

"ಹೋಗೋ ತಮ್ಮಾ!" ಅಂದ ಫಕ್ಕೀರಪ್ಪ. ಭೀಮ ಮರಳಿ ಬಂದಿದ್ದ. ಬಸ್‌ಸ್ಟ್ಯಾಂಡಿನ ನಾಯಿಗಳೆಲ್ಲ ಎದ್ದು ನಿಂತವು.

ದಾರಿಯುದ್ದಕ್ಕೂ ಹಾಡು. ಹೊಳೆ ದಾಟುವಾಗ ರಾಚಯ್ಯನೂ ಒಂದು ಸಾಲು ಹೇಳಿದ, ತಪ್ಪು ರಾಗದಲ್ಲಿ.

ಮಠ ಮುಟ್ಟುವಾಗ ಊಟದ ಹೊತ್ತು ಮೀರಿಹೋಗಿತ್ತು. ಅಜ್ಜ ಪಡಸಾಲೆಯಲ್ಲಿ ಎಲೆಯಿಲ್ಲದ ಬರೀ ನೆಲದ ಮುಂದೆ ಕೂತಿದ್ದರು. ನಿಂಗವ್ವ ಕಂಬಕ್ಕೊರಗಿ ಗೊಣಗುತ್ತಿದ್ದಳು.

"ನೋಡ್ರೆಪ್ಪಾ ಇವ್ರನ್ನ! ರೊಟ್ಟಿ ತಣ್ಣಗಾಗಿ ಹೋದ್ವು. ಆಗಿನಿಂದ ಕೇಳಾಕತ್ತೀನಿ, ಎಲಿ ಹಾಕಗೊಡವಲ್ರು, ತಾವೂ ಉಣವಲ್ರು!"

ರಾಚಯ್ಯ ಹೊಸ್ತಿಲಲ್ಲಿ ನಿಂತ. ಹಿಂದೆ ಗಂಟು ಹಿಡಿದ ಫಕ್ಕೀರಪ್ಪ.

ಅಜ್ಜ ಅವನನ್ನು ನೋಡಿದರು. ಫಕ್ಕೀರಪ್ಪನನ್ನು ನೋಡಿದರು. ಸ್ವಲ್ಪ ಸರಿದು, ಎರಡೂ ಬದಿಗೆ ಜಾಗ ಮಾಡಿದರು.

"ನಿಂಗವ್ವಾ, ಈಗ ಎಲಿ ಹಾಕು. ಎಲ್ಲಾರೂ ಬಂದ್ರು."